ಇಪ್ಪತ್ತಕ್ಕೂ ಅರವತ್ತಕ್ಕೂ ನಡುವೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 8.50

ವ್ಯಾನ್ ಈಗಷ್ಟೇ ಹೋಯಿತು. ಅಕ್ಕ ಇವತ್ತೂ ಕಿಟಕಿ ಸೀಟಿಗೇ ಹಟ ಹಿಡಿದಳು. ಬಲಗಾಲಿಗೆ ಪಟ್ಟಿ ಕಟ್ಟುವುದು ತಡವಾಯಿತು. ನನ್ನದೇ ತಪ್ಪು, ಅಂಗಿಗೆ ಇಸ್ತ್ರಿ ಹಾಕುತ್ತ ನಿಂತಿದ್ದೆ. ಡ್ರೈವರ್ ಹಾರ್ನ್ ಕೂಡ ಹೊಡೆಯಲಿಲ್ಲ. ಒಳ್ಳೆಯ ಮನುಷ್ಯ.

ಹೊರಡುವಾಗ ಕೇಳಿದೆ, "ವಾಪಸ್ ಎಷ್ಟು ಗಂಟೆಗೆ ಅಕ್ಕಾ?" ನನಗೆ ಗೊತ್ತಿಲ್ಲದ್ದೇನಲ್ಲ. ದಿನಾ ಕೇಳಬೇಕೆಂದು ಆರೈಕೆ ಸೆಂಟರಿನ ಮಾತಿನ ಟೀಚರ್ ಹೇಳಿದ್ದಾರೆ.

"ಒಂದು... ಎರಡು... ಮೂರು... ನಾಲ್ಕು." ಅಲ್ಲಿಗೆ ನಿಂತಳು.

ಸ್ಟ್ರೋಕ್ ಆಗಿ ಎರಡು ವರ್ಷ. ನಾಲ್ಕು ಅಂತ ನೇರ ಹೇಳಲು ಬಾಯಿ ತಿರುಗುವುದಿಲ್ಲ. ಒಂದರಿಂದ ಹತ್ತಿ, ಬೇಕಾದ ಸ್ಟಾಪಿನಲ್ಲಿ ಇಳಿಯುತ್ತಾಳೆ. ಬೇರೆ ಮಾತು ಒಟ್ಟು ಹದಿಮೂರು. ತಮ್ಮ, ನೀರು, ಬೇಡ, ಬಿಸಿ... ಹೀಗೆ. ನೂಲಿನ ಗಿರಣಿಯಲ್ಲಿ ಯೂನಿಯನ್ ಕಾರ್ಯದರ್ಶಿಯಾಗಿ ಮೈಕಿಲ್ಲದೆ ಭಾಷಣ ಮಾಡಿದವಳು. ಮೊದಲು ಅವರ ಬಾಯಲ್ಲಿ ಹೆಚ್ಚಾಗಿ ಬರುತ್ತಿದ್ದ ಮಾತು ಯಾವುದು ಎಂದು ಟೀಚರ್ ಕೇಳಿದ್ದರು. ಯೋಚಿಸಬೇಕಾಗಲಿಲ್ಲ. "ಯಾಕೆ." ಮ್ಯಾನೇಜರ್ ಬಾಯಿ ತೆರೆಯುವ ಮೊದಲೇ ಯಾಕೆ ಅನ್ನುತ್ತಿದ್ದಳು. ಜನವರಿಯಿಂದ ಟೀಚರ್ ಆ ಒಂದು ಮಾತಿನ ಹಿಂದೆ ಬಿದ್ದಿದ್ದಾರೆ. ಬರುತ್ತಿಲ್ಲ.

ಆಫೀಸಿಗೆ ತಡ.

ಮಾರ್ಚ್ 5, ಬುಧವಾರ

ಮಸೂದೆಯ ಮೀಟಿಂಗ್. ಸಚಿವೆ ಮೇಡಂ, ಸಂತೆ, ಸಂಘ, ಕರಡು ಬರೆಯಲು ನಾನು. ಸಂತೆ ಅಂದರೆ ನಮ್ಮ ಆರ್ಥಿಕ ಸಲಹೆಗಾರ — ಏನು ಹೇಳಿದರೂ ಮಾರುಕಟ್ಟೆಗೆ ಬಿಡಿ ಅನ್ನುವವನು. ಸಂಘ ಅಂದರೆ ಕಾರ್ಮಿಕರ ಕಡೆಯಿಂದ ಬಂದ ಸಲಹೆಗಾರ. ಇಬ್ಬರೂ ನಮ್ಮ ಪಕ್ಷದವರೇ. ಮಾರುಕಟ್ಟೆಯೂ ಬೇಕು ಬಡವರೂ ಬೇಕು ಅನ್ನುವ ಪಕ್ಷದಲ್ಲಿ ಇಬ್ಬರಿಗೂ ಕುರ್ಚಿ ಇರಲೇಬೇಕು. ಎರಡು ಕುರ್ಚಿಗಳ ಮಧ್ಯೆ ನಾನು. ಆಫೀಸಿನಲ್ಲಿ ನನಗಿಟ್ಟ ಹೆಸರೇ ನಡುಮಧ್ಯ.

ವಿಷಯ ಇಷ್ಟು. ನಗರದ ಆರೈಕೆ ಸೆಂಟರುಗಳನ್ನು ಇನ್ನು ಮುಂದೆ ಕಂಪನಿಗಳು ನಡೆಸುತ್ತವೆ. ಖರ್ಚು ಸರಕಾರದ್ದು, ಗುಣಮಟ್ಟದ ಪರೀಕ್ಷೆ ಸರಕಾರದ್ದು, ಯಾವ ಸೆಂಟರ್ ಅನ್ನುವ ಆಯ್ಕೆ ಜನರದ್ದು. "ಆಯ್ಕೆಯೂ ಇರಲಿ, ಆಸರೆಯೂ ಇರಲಿ" — ಘೋಷಣೆ ನಾನು ಬರೆದದ್ದು. ಮೇಡಂಗೆ ಬಹಳ ಹಿಡಿಸಿತು. ಉಳಿದದ್ದು ಒಂದೇ ಪ್ರಶ್ನೆ. ಎಷ್ಟು ಜನಕ್ಕಿಂತ ಕಡಿಮೆ ಇದ್ದರೆ ಸೆಂಟರನ್ನು ಮುಚ್ಚಿ ದೊಡ್ಡದರ ಜೊತೆ ಸೇರಿಸಬೇಕು?

"ಅರವತ್ತಕ್ಕಿಂತ ಕಡಿಮೆ ಇದ್ರೆ ಯಾವ ಕಂಪನಿಯೂ ಮೂಸಿ ನೋಡಲ್ಲ ಮೇಡಂ," ಎಂದ ಸಂತೆ.

"ಇಪ್ಪತ್ತು ಸಾಕು. ಅಂಥ ಕಡೆ ಒಬ್ಬೊಬ್ಬರ ಹೆಸರೂ ಗೊತ್ತಿರುತ್ತೆ. ಅರವತ್ತು ಅಂದ್ರೆ ಅದು ಸೆಂಟರಲ್ಲ, ರೈಲ್ವೆ ಸ್ಟೇಷನ್ನು," ಎಂದ ಸಂಘ.

ಒಂದು ಗಂಟೆ ಜಗ್ಗಾಟ. ಮೇಡಂ ಕನ್ನಡಕ ತೆಗೆದು ನನ್ನ ಕಡೆ ನೋಡಿದರು. "ನಲವತ್ತು," ಎಂದೆ. ಇಬ್ಬರಿಗೂ ಅರ್ಧ ಸಮಾಧಾನ. ಬಿಸ್ಕೆಟ್ ಬಂತು.

ಈ ಕೆಲಸಕ್ಕೆ ನಾನೇನು ಸುಮ್ಮನೆ ಬಿದ್ದವನಲ್ಲ. ಅಕ್ಕನ ಗಿರಣಿಯಲ್ಲಿ ಹದಿನಾಲ್ಕು ತಿಂಗಳು ಮುಷ್ಕರ ನಡೆಯಿತು. ಮಾಲೀಕ ಬಗ್ಗಲಿಲ್ಲ, ಅಕ್ಕನೂ ಬಗ್ಗಲಿಲ್ಲ. ಕೊನೆಗೆ ಗೇಟಿಗೆ ಬೀಗ. ಅವತ್ತಿನಿಂದ ನನಗೆ ಎರಡು ತುದಿ ಕಂಡರೆ ಭಯ. ನಡುವೆ ಎಲ್ಲಾದರೂ ಒಂದು ಜಾಗ ಇದ್ದೇ ಇರುತ್ತದೆ ಎಂದು ನಂಬಿದವನು. ಈಗಲೂ ನಂಬುತ್ತೇನೆ.

ರಾತ್ರಿ ಊಟಕ್ಕೆ ಕೂತಾಗ ಅಕ್ಕನಿಗೆ ಹೇಳಿದೆ, "ನಲವತ್ತು ನನ್ನದು." ಚಮಚ ಕೆಳಗಿಟ್ಟು ನೋಡಿದಳು. ತುಟಿ ಏನೋ ಮಾಡಿತು. ಬರಲಿಲ್ಲ.

ಮಾರ್ಚ್ 19, ಬುಧವಾರ

ಮಸೂದೆ ಪಾಸ್. ಮೇಡಂ ಭಾಷಣದಲ್ಲಿ ನನ್ನ ಸಾಲು ಎರಡು ಸಲ ಬಂತು. ಎರಡೂ ಕಡೆಯ ಪೇಪರುಗಳು ಅರ್ಧರ್ಧ ಬೈದಿವೆ. ನಮ್ಮಲ್ಲಿ ಅದನ್ನು ಗೆಲುವು ಅನ್ನುತ್ತೇವೆ.

ಅಕ್ಕನಿಗೆ ಹದಿನಾಲ್ಕನೇ ಮಾತು ಬಂತು. "ಬಾಗಿಲು."

ಏಪ್ರಿಲ್ 8, ಮಂಗಳವಾರ. ಆಫೀಸಿನಲ್ಲೇ

ಪಟ್ಟಿ ಬಂತು. ನಲವತ್ತಕ್ಕಿಂತ ಕಡಿಮೆ ಇರುವ ಸೆಂಟರುಗಳು. ಮೇಲಿಂದ ಕೆಳಗೆ ಕಣ್ಣಾಡಿಸಿ ಸಹಿ ಹಾಕಿ ಕಳಿಸುವ ಕಾಗದ. ಹದಿನೇಳನೇ ಸಾಲು. ಅಕ್ಕನ ಸೆಂಟರ್. ಮೂವತ್ತೇಳು ಜನ.

ಎರಡು ವರ್ಷದಿಂದ ತಿಂಗಳಿಗೊಮ್ಮೆ ಆ ಹಾಲಿನಲ್ಲಿ ಕೂತು ಬಂದಿದ್ದೇನೆ. ಗೋಡೆಯುದ್ದಕ್ಕೂ ಕುರ್ಚಿ. ಒಂದು ದಿನವಾದರೂ ಎಣಿಸಿ ನೋಡಿದೆನೇ? ನಲವತ್ತು ಅನ್ನುವಾಗ ನನ್ನ ತಲೆಯಲ್ಲಿದ್ದದ್ದು ಎರಡು ಮುಖ ಮಾತ್ರ. ಒಂದು ಸಂತೆಯದು, ಇನ್ನೊಂದು ಸಂಘದ್ದು.

ಸಹಿ ಹಾಕಿದೆ. ಹಾಕದಿದ್ದರೆ ಪಕ್ಕದ ಟೇಬಲ್ಲಿನವನು ಹಾಕುತ್ತಿದ್ದ.

ಏಪ್ರಿಲ್ 9, ಬುಧವಾರ

ಅರ್ಧ ದಿನ ರಜೆ ಹಾಕಿ ಸೆಂಟರಿಗೆ ಹೋದೆ. ನೋಟಿಸ್ ಆಗಲೇ ತಲುಪಿದೆ. ಏಪ್ರಿಲ್ 30ಕ್ಕೆ ಮತ್ತೊಮ್ಮೆ ಎಣಿಕೆ. ಅಂದು ನಲವತ್ತು ಇದ್ದರೆ ಉಳಿಯುತ್ತದೆ. ಇಲ್ಲದಿದ್ದರೆ ಎಲ್ಲರೂ ಊರಾಚೆಯ ದೊಡ್ಡ ಸೆಂಟರಿಗೆ. ವ್ಯಾನಿನಲ್ಲಿ ಒಂದೂಕಾಲು ಗಂಟೆ. ಅಕ್ಕನಿಗೆ ಇಪ್ಪತ್ತು ನಿಮಿಷ ಮೀರಿದರೆ ವಾಂತಿ.

"ಅಲ್ಲಿ ಮಾತು ಕಲಿಸೋರು ಇದ್ದಾರಾ?" ಎಂದು ಟೀಚರನ್ನು ಕೇಳಿದೆ.

"ಟ್ಯಾಬ್ಲೆಟ್ ಇದೆಯಂತೆ. ಒಬ್ಬೊಬ್ಬರಿಗೂ ಒಂದೊಂದು." ನಕ್ಕರು. ನನಗೆ ನಗು ಬರಲಿಲ್ಲ. "ನನ್ನನ್ನ ತಗೊಳಲ್ಲ ಸರ್. ನಾನು ಅರ್ಧ ದಿನದ ಕೆಲಸದವಳು. ಅದಿರಲಿ, ನಿಮ್ಮ ಅಕ್ಕನಿಗೆ 'ಯಾ' ಬಂತು ನಿನ್ನೆ. 'ಕೆ' ಒಂದು ಬಾಕಿ. ಈಗ ಬಿಟ್ರೆ ಕಲಿತಿದ್ದೂ ಹೋಗುತ್ತೆ. ಹಾಗೆ ಹೋಗಿದ್ದು ನೋಡಿದೀನಿ."

"ಯಾರು ಹಾಕಿದ್ರೋ ಈ ನಲವತ್ತು," ಎಂದರು ಆಮೇಲೆ. ನಾನು ಗೋಡೆಯುದ್ದದ ಕುರ್ಚಿಗಳನ್ನು ಎಣಿಸತೊಡಗಿದೆ.

ಮೂರು ಜನ ಬೇಕು. ಮೂರೇ ಮೂರು.

ಏಪ್ರಿಲ್ 14, ಸೋಮವಾರ

ಮೆಟ್ಟಿಲಿಂದ ಬಿದ್ದು ಸೊಂಟ ಹಿಡಿದುಕೊಂಡಿರುವ ಕೆಳಮನೆಯ ಅಂಚೆಯಜ್ಜನನ್ನು ಒಪ್ಪಿಸಿದೆ. ಮೂವತ್ತು ವರ್ಷ ಕಾಗದ ಹಂಚಿದವನು, ಈಗ ಮನೆಯಲ್ಲಿ ಕೂತು ಗೋಡೆ ನೋಡುತ್ತಾನೆ. "ಅಲ್ಲಿ ಮಾತಾಡೋಕೆ ಜನ ಸಿಗ್ತಾರಾ?" ಎಂದ. ಮಾತು ಬರದವರೇ ಹೆಚ್ಚು ಎಂದೆ. "ಹಾಗಾದ್ರೆ ಒಳ್ಳೇದೇ, ನಾನು ಮಾತಾಡ್ತೀನಿ," ಎಂದ.

ಮೂವತ್ತೆಂಟು.

ಏಪ್ರಿಲ್ 17, ಗುರುವಾರ. ಸಂಜೆ

ತಡೆಯಲಾಗಲಿಲ್ಲ. ಮೇಡಂ ಹತ್ತಿರ ಹೋಗಿ ಇದ್ದದ್ದನ್ನು ಹೇಳಿದೆ. ಕೂರಿಸಿದರು, ನೀರು ಕೊಟ್ಟರು. ಅವರೂ ಕೆಟ್ಟವರಲ್ಲ. ಅದೇ ತೊಂದರೆ, ಇಲ್ಲಿ ಯಾರೂ ಕೆಟ್ಟವರಲ್ಲ.

"ನಿಮ್ಮ ಅಕ್ಕನಿಗೆ ಅಂತ ಒಂದನ್ನ ಬಿಟ್ರೆ ಮಿಕ್ಕ ಮೂವತ್ತು ಸೆಂಟರಿನವರಿಗೆ ಏನು ಹೇಳಲಿ?" ಎಂದರು. ಸರಿಯಾದ ಪ್ರಶ್ನೆ. ನಾನೇ ಆದರೂ ಅದನ್ನೇ ಕೇಳುತ್ತಿದ್ದೆ. "ಬೇಕಾದ್ರೆ ಸಂಖ್ಯೆಯನ್ನೇ ಮತ್ತೆ ಚರ್ಚೆಗೆ ತಗೊಳೋಣ. ಇಬ್ಬರನ್ನೂ ಕರೀತೀನಿ."

ಕರೆದರು. ಸಂಘ ಮೂವತ್ತೈದು ಎಂದ. ಮೇಜು ಕುಟ್ಟಿಯೇ ಹೇಳಿದ. ಸಂತೆ ನಗುತ್ತಲೇ ಇದ್ದ. "ಮತ್ತೆ ತೆಗೆಯೋದಾದ್ರೆ ನನ್ನ ಅರವತ್ತೂ ವಾಪಸ್ ಬರುತ್ತೆ. ಈಗ ಮೂರು ಕಂಪನಿಗಳು ಕಾಯ್ತಾ ಇವೆ, ಆಗ ಒಂದೂ ಇರಲಿಲ್ಲ." ಮತ್ತೆ ಜಗ್ಗಾಟ. ಮತ್ತೆ ಮೇಡಂ ಕನ್ನಡಕ ತೆಗೆದರು. ಮೂವರೂ ನನ್ನ ಕಡೆ ತಿರುಗಿದರು.

"ನಡುಮಧ್ಯ, ನೀವೇ ಒಂದು ಹೇಳಿ," ಎಂದ ಸಂತೆ.

ಮೂವತ್ತೈದು, ಅರವತ್ತು. ತಲೆ ತಾನೇ ಲೆಕ್ಕ ಹಾಕಿತು, ಅಭ್ಯಾಸಬಲ. ನಲವತ್ತೇಳೂವರೆ. ಸಂತೆ ಇನ್ನಷ್ಟು ಎಳೆದರೆ ಐವತ್ತು. ಇನ್ನೂ ಎಷ್ಟು ಸೆಂಟರುಗಳಿಗೆ ಬೀಗ?

"ನಲವತ್ತೇ ಇರಲಿ," ಎಂದೆ.

ಸಂಘ ನನ್ನ ಮುಖ ನೋಡಿದ. ಅವನಿಗೆ ಅಕ್ಕನ ವಿಷಯ ಗೊತ್ತಿತ್ತು. ಎದ್ದು ಹೋಗುವಾಗ ಹೆಗಲ ಮೇಲೆ ಕೈ ಇಟ್ಟು ಹೋದ. ಅದೊಂದನ್ನು ಮಾಡದಿದ್ದರೆ ಚೆನ್ನಾಗಿತ್ತು. ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಏಪ್ರಿಲ್ 22, ಮಂಗಳವಾರ

ನಲವತ್ತು! ನಮ್ಮ ಲಿಫ್ಟ್ ನೋಡಿಕೊಳ್ಳುತ್ತಿದ್ದವನ ಹೆಂಡತಿ, ಆಮೇಲೆ ಅವಳ ತಂಗಿ. ಇಬ್ಬರಿಗೂ ಮಂಡಿನೋವು. ಟೀಚರ್ ಫೋನ್ ಮಾಡಿ "ಸರ್, ನೀವು ಚುನಾವಣೆಗೆ ನಿಲ್ಲಬೇಕಿತ್ತು" ಎಂದರು. ಅಕ್ಕ ನನ್ನ ಕೆನ್ನೆ ಹಿಂಡಿದಳು. ಅಂಚೆಯಜ್ಜ ಅಲ್ಲಿ ದಿನವಿಡೀ ವಟಗುಟ್ಟುತ್ತಾನಂತೆ, ಎಲ್ಲರಿಗೂ ಖುಷಿ.

ಎಷ್ಟೋ ದಿನದ ಮೇಲೆ ಚೆನ್ನಾಗಿ ಊಟ ಮಾಡಿದೆ.

ಏಪ್ರಿಲ್ 26, ಶನಿವಾರ

ದರ್ಜಿಯಮ್ಮನಿಗೆ ವಾಸಿಯಾಯಿತು.

ಅಕ್ಕನ ಪಕ್ಕದ ಕುರ್ಚಿಯವಳು. ಎಡಗೈ ಏಳುತ್ತಿರಲಿಲ್ಲ, ಈಗ ಸೂಜಿಗೆ ದಾರ ಪೋಣಿಸುತ್ತಾಳೆ. ಸೋಮವಾರದಿಂದ ಅಂಗಡಿ ತೆಗೆಯುತ್ತಾಳಂತೆ. ವಾಸಿಯಾದವರನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳುವಂತಿಲ್ಲ — ಕಂಪನಿಗಳು ಸುಳ್ಳು ಲೆಕ್ಕ ತೋರಿಸಬಾರದೆಂದು ಸಂಘ ಕೇಳಿ ಹಾಕಿಸಿದ ನಿಯಮ. ಬರೆದವನು ನಾನು.

ಮನೆ ಹುಡುಕಿಕೊಂಡು ಹೋದೆ. ಬುಧವಾರದವರೆಗೆ ಮಾತ್ರ ಬನ್ನಿ, ಕೈ ಇನ್ನೂ ನೋಯುತ್ತೆ ಅನ್ನಿ, ಎಂದೆ. ನನ್ನ ಬಾಯಿಂದಲೇ ಬಂತು ಈ ಮಾತು.

ಅವಳಿಗೆ ಸಿಟ್ಟೇನೂ ಬರಲಿಲ್ಲ. "ಅಣ್ಣಾ, ಎರಡು ವರ್ಷ ಈ ದಿನಕ್ಕೇ ಕಾದಿದ್ದೆ. ನೋಯುತ್ತೆ ಅಂತ ಸುಳ್ಳು ಹೇಳಿದ್ರೆ ಮತ್ತೆ ನೋವು ಬಂದ್ಬಿಡುತ್ತೇನೋ ಅಂತ ಭಯ." ಆಮೇಲೆ, "ಅಕ್ಕನಿಗೆ ಒಂದು ಅಂಗಿ ಹೊಲಿದುಕೊಡ್ತೀನಿ, ಗುಂಡಿ ಇಲ್ಲದ್ದು, ಒಂದೇ ಕೈಯಲ್ಲಿ ಹಾಕ್ಕೊಬಹುದು," ಎಂದಳು.

ಮೂವತ್ತೊಂಬತ್ತು. ಇನ್ನೂ ನಾಲ್ಕು ದಿನವಿದೆ, ಒಬ್ಬರು ಸಿಗುತ್ತಾರೆ.

ಏಪ್ರಿಲ್ 29, ಮಂಗಳವಾರ

ಯಾರೂ ಸಿಗಲಿಲ್ಲ. ಅದಲ್ಲದೆ ಅಂಚೆಯಜ್ಜ ಕಂಪನಿಯವರ ಬಣ್ಣದ ಕಾಗದ ಹಿಡಿದು ಮೇಲೆ ಬಂದ. ದೊಡ್ಡ ಸೆಂಟರಿನಲ್ಲಿ ಬಿಸಿನೀರಿನ ಈಜುಕೊಳವಿದೆ, ಸೊಂಟಕ್ಕೆ ಒಳ್ಳೆಯದಂತೆ. ನಿನ್ನೆಯೇ ಸಹಿ ಹಾಕಿ ಬಂದಿದ್ದಾನೆ.

"ನಾವೇ ಆರಿಸ್ಕೊಬಹುದಂತಲ್ಲ ಈಗ? ಕಾನೂನೇ ಆಗಿದೆಯಂತೆ. ನಿಮಗೆ ಗೊತ್ತಿರಬೇಕು," ಎಂದ.

ಗೊತ್ತು ಎಂದೆ. ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ನನ್ನದೇ ಘೋಷಣೆ. ಅಜ್ಜನಿಗೆ ಬೇಡ ಅನ್ನಲು ನನಗೇನು ಹಕ್ಕು? ಸೊಂಟ ಅವನದು.

ಏಪ್ರಿಲ್ 30, ಬುಧವಾರ

ಮೂವತ್ತೆಂಟು.

ಮೇ 12, ಸೋಮವಾರ

ಪಕ್ಷದ ಪತ್ರಿಕೆಗೆ ಲೇಖನ ಕೇಳಿದ್ದಾರೆ — ಸುಧಾರಣೆಯ ಮೊದಲ ತಿಂಗಳುಗಳು. ದೊಡ್ಡ ಸೆಂಟರಿನ ಅಂಕಿಅಂಶ ನಿಜಕ್ಕೂ ಚೆನ್ನಾಗಿವೆ. ಸರದಿಯಲ್ಲಿ ಕಾಯುವುದು ಅರ್ಧಕ್ಕೆ ಇಳಿದಿದೆ. ಬಡವರೂ ಈಜುತ್ತಿದ್ದಾರೆ. ಸುಳ್ಳಲ್ಲ ಇದು. ಸುಳ್ಳಾಗಿದ್ದರೆ ಬೈದುಕೊಂಡಾದರೂ ಹಗುರಾಗುತ್ತಿದ್ದೆ. ಎಲ್ಲ ಬರೆದುಕೊಟ್ಟೆ.

ಅಕ್ಕನನ್ನು ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಿ ನೋಡಿದೆ. ದಾರಿಯಲ್ಲಿ ಎರಡು ಸಲ ವಾಂತಿ. ಟ್ಯಾಬ್ಲೆಟ್ ಕೈಗೆ ಕೊಟ್ಟರು. "ಬೇಡ." ಮತ್ತೆ ಕೊಟ್ಟರು. "ಬೇಡ." ಮೇ 30ಕ್ಕೆ ಇಲ್ಲಿ ಬೀಗ ಬಿದ್ದ ಮೇಲೆ ಮನೆಯಲ್ಲೇ.

ಮೇ 30, ಶುಕ್ರವಾರ. ಸಂಜೆ 5.20

ಸೆಂಟರಿನ ಕೊನೆಯ ದಿನ. ವ್ಯಾನ್ ಎಂದಿನಂತೆ ನಾಲ್ಕಕ್ಕೆ ಬಂತು. ಡ್ರೈವರ್ ಅಕ್ಕನ ಕೈ ಹಿಡಿದು ಬಾಗಿಲವರೆಗೆ ಬಂದ. ಚೀಲದಲ್ಲಿ ಅವಳ ಲೋಟ, ಚಿತ್ರದ ಕಾರ್ಡುಗಳು, ಟೀಚರ್ ಬರೆದ ಚೀಟಿ. "ಸರ್, ಇವತ್ತು ಒಂದು ಬಂತು. ಮನೇಲಿ ಕೇಳಿಸ್ತಾರೆ. ನೀವು ಗಾಬರಿ ಆಗಬೇಡಿ."

ಒಳಗೆ ಬಂದವಳು ಚೀಲದಿಂದ ಇನ್ನೊಂದು ಕಾಗದ ತೆಗೆದಳು. ಸೆಂಟರಿನ ಬಾಗಿಲಿಗೆ ಅಂಟಿಸಿದ್ದ ನೋಟಿಸ್. ಕಿತ್ತುಕೊಂಡು ಬಂದಿದ್ದಾಳೆ, ಗಿರಣಿಯಲ್ಲಿ ಮಾಡುತ್ತಿದ್ದ ಹಾಗೆಯೇ. ಮೇಜಿನ ಮೇಲೆ ಹರಡಿದಳು. ನೆಟ್ಟಗಿರುವ ಕೈಯ ಬೆರಳನ್ನು ಸಂಖ್ಯೆಯ ಮೇಲಿಟ್ಟಳು. ಎಣಿಸತೊಡಗಿದಳು.

ನಾಲ್ಕಕ್ಕೆ ನಿಲ್ಲುತ್ತಾಳೆ ಅಂದುಕೊಂಡೆ. ನಿಲ್ಲಲಿಲ್ಲ. ಹತ್ತು ದಾಟಿದಳು. ಇಪ್ಪತ್ತಾರರಲ್ಲಿ ತಡವರಿಸಿದಳು, ಹಿಂದಕ್ಕೆ ಹೋಗಿ ಒಂದರಿಂದ ಶುರು ಮಾಡಿದಳು. ಸಾಕು ಅಕ್ಕಾ, ಗೊತ್ತಾಯ್ತು ಎಂದೆ. "ಬೇಡ," ಎಂದು ಮತ್ತೆ ಒಂದರಿಂದ. ಮೂವತ್ತೇಳು. ಮೂವತ್ತೆಂಟು. ಮೂವತ್ತೊಂಬತ್ತು. ನಲವತ್ತು.

ಬೆರಳು ಕಾಗದದಿಂದ ಎದ್ದು ನನ್ನ ಕಡೆ ತಿರುಗಿತು. ಬಾಯಿ ಒಂದು ಕಡೆಗೆ ವಾಲಿತು. ಹಣೆಯಲ್ಲಿ ಬೆವರು.

"ಯಾ... ಯಾಕೆ?"

ಹದಿನೈದನೇ ಮಾತು. ಎರಡು ವರ್ಷದ ಮೇಲೆ, ಅದೇ ದನಿ. ಸಿಟ್ಟು ಇರಲಿಲ್ಲ ಅದರಲ್ಲಿ. ತಿಳಿಯಬೇಕಿತ್ತು ಅವಳಿಗೆ, ಅಷ್ಟೇ.

ಚಹಾ ತರುತ್ತೇನೆ ಎಂದು ಎದ್ದು ಅಡುಗೆಮನೆಗೆ ಬಂದಿದ್ದೇನೆ. ನೀರು ಕುದಿದು ಕುದಿದು ಅರ್ಧವಾಯಿತು. ಇಲ್ಲೇ ಕಟ್ಟೆಯ ಮೇಲೆ ಬರೆಯುತ್ತಿದ್ದೇನೆ. ಅಲ್ಲಿ ಕುರ್ಚಿ ಸರಿಸಿಕೊಂಡು ಕೂತಿದ್ದಾಳೆ. ಅವಳಿಗೆ ಕಾಯುವುದು ಹೊಸದಲ್ಲ, ಗೇಟಿನ ಮುಂದೆ ಹದಿನಾಲ್ಕು ತಿಂಗಳು ಕಾದವಳು. ಹೋಗಿ ಹೇಳಲೇಬೇಕು. ಹೇಗೆ ಶುರು ಮಾಡಲಿ. ಅಕ್ಕಾ, ಒಬ್ಬರು ಇಪ್ಪತ್ತು ಅಂದರು, ಇನ್ನೊಬ್ಬರು ಅರವತ್ತು ಅಂದರು, ಅದಕ್ಕೆ ನಾನು —