ಫೋನು ಮಾರಾಟಕ್ಕಿದೆ, ಚಾರ್ಜರ್ ಸಹಿತ

ನವೆಂಬರ್ 9, ಭಾನುವಾರ

ಬೆಳಗ್ಗೆ ನಲ್ಲಿಯಲ್ಲಿ ಬಿಸಿನೀರು ಇರಲಿಲ್ಲ. ನಿನ್ನೆಯ ಲಗ್ಮಾನ್ ನೂಡಲ್ಸ್ ಬಿಸಿ ಮಾಡಿ ತಿಂದೆವು. ತಾಲಾಯ್ ವ್ಯಾನಿಗೆ ಚಳಿಗಾಲದ ಟೈರು ಹಾಕಿಸಿಕೊಂಡು ಬಂದ — ಅವನು ಓಡಿಸುವ ನಾರಿನ್ ಊರಿನ ದಾರಿಯಲ್ಲಿ ಆಗಲೇ ಹಿಮ ಬಿದ್ದಿದೆಯಂತೆ. ಕೈ ಕೂಡ ತೊಳೆಯದೆ ಹಳೆಯ ಫೋನನ್ನು ಮೇಜಿನ ಮೇಲಿಟ್ಟ. ಹೊಸದು ಮೊನ್ನೆ ಬಂದಿದೆ.

"ಬುರುಲ್, ಇದನ್ನ ಸೈಟಲ್ಲಿ ಹಾಕಿ ಮಾರಿಬಿಡು. ಎಲ್ಲ ಅಳಿಸಿ ಕೊಡಬೇಕಂತೆ. ನಂಗೆ ಅದೆಲ್ಲ ಆಗಲ್ಲ."

"ಎಷ್ಟಕ್ಕೆ?"

"ಹದಿನಾಲ್ಕು ಸಾವಿರ ಸೋಮ್ ಬಂದ್ರೆ ಸಾಕು."

ಲಾಕಿನ ನಂಬರ್ ಹೇಳಿದ. ಅವನ ಮಗಳು ಆಯ್ಪೆರಿ ಹುಟ್ಟಿದ ದಿನ. ನನ್ನ ಹುಟ್ಟಿದ ದಿನ ಅವನಿಗೆ ನೆನಪಿದೆಯೋ ಇಲ್ಲವೋ, ಕೇಳಲಿಲ್ಲ.

ಕಿಟಕಿಯ ಹತ್ತಿರ ಇಟ್ಟು, ಒರೆಸಿ, ಚೆಂದದ ಫೋಟೋ ತೆಗೆದೆ. ಗೀರು ಇಲ್ಲ, ಚಾರ್ಜರ್ ಸಹಿತ ಎಂದು ಬರೆದೆ. ಅಳಿಸೋಣವೆಂದು ಕೂತಾಗಲೇ ಮೇಲಿಂದ ಒಂದು ಮೆಸೇಜ್ ಇಳಿಯಿತು. ಬೆರ್ಮೆತ್: "ಬಿತ್ತು."

ಅಷ್ಟೇ. ಬಿತ್ತು.

ಬೆರ್ಮೆತ್ ಅವನ ಮೊದಲ ಹೆಂಡತಿ. ಕಾರಾಕೋಲ್‌ನಲ್ಲಿದ್ದಾಳೆ, ಆಯ್ಪೆರಿಯ ಜೊತೆ. ಬಿಟ್ಟು ಐದು ವರ್ಷವಾಯಿತು. ನಾವು ಮದುವೆಯಾಗಿ ಒಂದೂವರೆ ವರ್ಷ. ಹೊಸ ಫೋನಿಗೆ ಬರುವ ಮೆಸೇಜುಗಳೆಲ್ಲ ಈ ಹಳೆಯದಕ್ಕೂ ಬರುತ್ತಿವೆ — ಇವನು ಲಾಗ್ಔಟ್ ಮಾಡಿಯೇ ಇಲ್ಲ.

ನಾಳೆ ಅಳಿಸಿದರಾಯಿತು.

ನವೆಂಬರ್ 11

ಅಳಿಸಲಿಲ್ಲ. ಓದಿದೆ. ಹಿಂದಿನ ವರ್ಷದವರೆಗೂ ಓದಿದೆ.

ತಾಲಾಯ್: "ಬಂತಾ?" ಬೆರ್ಮೆತ್: "ಬಂತು." ತಾಲಾಯ್: "ಹಲ್ಲು?" ಬೆರ್ಮೆತ್: "ಬಿತ್ತು." ತಾಲಾಯ್: "ಯಾವ ಕಡೆ?" ಬೆರ್ಮೆತ್: "ಎಡಗಡೆ." ಇನ್ನೊಂದು ದಿನ: "ಕೆಂಪು?" "ಹೂಂ, ಕೆಂಪೇ."

ಒಂದು ಪ್ರೀತಿಯ ಮಾತಿಲ್ಲ. ಹೂವಿನ ಚಿತ್ರ ಕೂಡ ಇಲ್ಲ. ನನ್ನ ಜಾಗದಲ್ಲಿ ಬೇರೆಯವಳಿದ್ದರೆ ನೆಮ್ಮದಿಯಿಂದ ಫೋನು ಕೆಳಗಿಡುತ್ತಿದ್ದಳು. ನಾನು ಮತ್ತೆ ಮೊದಲಿಂದ ಓದಿದೆ. ಇಷ್ಟು ಕಡಿಮೆ ಮಾತು ಸಾಕಾಗಬೇಕಾದರೆ ಇಬ್ಬರೂ ಎಷ್ಟು ಹತ್ತಿರವಿದ್ದಿರಬೇಕು! ನನಗೆ ಬರೆಯುವುದು ನೋಡಿದರೆ — "ಬ್ರೆಡ್ ತರಬೇಕಾ, ಕಪ್ಪು ಬ್ರೆಡ್ಡೋ ಬಿಳಿಯದೋ, ಹಾಲು ಇದೆಯಾ, ನೋಡಿ ಹೇಳು." ನಮಗೆ ಇನ್ನೂ ಪೂರ್ತಿ ವಾಕ್ಯಗಳೇ ಬೇಕು.

ಊಟಕ್ಕೆ ಕೂತಾಗ ಕೇಳಿದ, "ಫೋನು ಖಾಲಿ ಮಾಡಿದ್ಯಾ?"

"ಹೂಂ."

ಸುಳ್ಳು ಎಷ್ಟು ಸಲೀಸಾಗಿ ಬಂತು...

ನವೆಂಬರ್ 12, ಅಂಗಡಿಯಲ್ಲಿ, ಊಟದ ಹೊತ್ತು

ಔಷಧಿ ಅಂಗಡಿಯಲ್ಲಿ ಇವತ್ತು ಕೆಮ್ಮಿನವರದೇ ಸಾಲು. ನನ್ನ ಜೊತೆ ಕೌಂಟರಿನಲ್ಲಿರುವ ರಖಾತ್ ಏಜೆಗೆ ಫೋನಿನ ವಿಷಯ ಹೇಳಿದೆ. ಏಜೆ ಎಂದರೆ ಅಕ್ಕ. ಆದರೆ ನಾಲಿಗೆ ಅತ್ತೆಯದು.

"ಕೊಳ್ಳೋರನ್ನ ಮನೆಗೆ ಕರೀಬೇಡ," ಎಂದಳು. "ಇಲ್ಲೇ ಅಂಗಡಿ ಮುಂದೆ ಬರಲಿ. ಹಗಲು ಹೊತ್ತು, ಗಾರ್ಡ್ ಕಾಣೋ ಹಾಗೆ. ಲಿಂಕ್ ಕಳ್ಸಿದ್ರೆ ಒತ್ತಬೇಡ, ಕೋಡ್ ಕೇಳಿದ್ರೆ ಹೇಳಬೇಡ. ದುಡ್ಡು ಕೈಗೆ ಬಂದ್ಮೇಲೇ ಫೋನು. ಅದಕ್ಕೂ ಮೊದ್ಲು ಎಲ್ಲ ಅಳಿಸು."

"ಅಳಿಸಿದೀನಿ ಏಜೆ."

"ಹಾಗಾದ್ರೆ ಯಾಕೆ ನಿನ್ನ ಜೇಬಲ್ಲಿ ಗುಯ್ ಅಂತಾ ಇದೆ?"

ಜೇಬನ್ನು ಕೈಯಿಂದ ಮುಚ್ಚಿದೆ. ಅವಳು ಬಿಡಲಿಲ್ಲ. "ಗಂಡನ ಜೇಬು ತಡಕೋರನ್ನ ನೋಡಿದ್ದೆ. ಗಂಡನ್ನೇ ಜೇಬಲ್ಲಿಟ್ಕೊಂಡು ಓಡಾಡೋಳು ನೀನೇ ಮೊದಲು."

ನವೆಂಬರ್ 14

ಮೂವರು ಕೇಳಿದರು. ಮಾರಿದರೆ ಫೋನು ಹೋಗುತ್ತದೆ. ಫೋನು ಹೋದರೆ ಬೆರ್ಮೆತ್ ಏನು ಬರೆದಳೆಂದು ತಿಳಿಯುವುದು ಹೇಗೆ?

ಬೆಲೆಯನ್ನು ಇಪ್ಪತ್ತೆರಡು ಸಾವಿರಕ್ಕೆ ಏರಿಸಿದೆ. ಚೆಂದದ ಫೋಟೋ ತೆಗೆದುಹಾಕಿ ಮಸುಕಾದದ್ದು ಹಾಕಿದೆ. ಹುರಿದ ಆಲೂಗಡ್ಡೆ ತಟ್ಟೆಯ ಪಕ್ಕ ಇಟ್ಟು ತೆಗೆದದ್ದು. ಆದರೂ ಒಬ್ಬ ಕೇಳಿದ, "ಬ್ಯಾಟರಿ ಹೇಗಿದೆ?" "ಬೇಗ ಸಾಯುತ್ತೆ," ಎಂದೆ. "ಕಮ್ಮಿ ಮಾಡ್ತೀರಾ?" "ಇಲ್ಲ." "ಅಕ್ಕಾ, ನೀವು ಮಾರ್ತಾ ಇದೀರೋ, ಜಗಳ ಆಡೋಕೆ ಕೂತಿದೀರೋ?"

ಸೈಟು ಮುಚ್ಚಿಬಿಟ್ಟೆ.

ನವೆಂಬರ್ 19

ಬೆರ್ಮೆತ್: "ಶನಿವಾರ?" ತಾಲಾಯ್: "ಬರ್ತೀನಿ."

ಸಂಜೆ ಚಹಾ ಕುಡಿಯುತ್ತಾ ನನಗೆ ಹೇಳಿದ್ದು: "ಶನಿವಾರ ನಾರಿನ್ ಟ್ರಿಪ್ ಇದೆ. ಬರೋದು ತಡ ಆಗುತ್ತೆ."

ಮುಖವನ್ನೇ ನೋಡಿದೆ. ಕರಿದ ಹಿಟ್ಟಿನ ಬೋರ್ಸೋಕ್‌ಗೆ ಜಾಮ್ ಹಚ್ಚುತ್ತಿದ್ದ, ಮೂಲೆಯವರೆಗೂ ನೀಟಾಗಿ. ಸುಳ್ಳು ಹೇಳುವವನ ಕೈ ನಡುಗಬೇಕಲ್ಲವೇ?

ಕಳೆದ ಸಲ ಮಗಳನ್ನು ನೋಡಲು ಕಾರಾಕೋಲ್‌ಗೆ ಹೋಗುತ್ತೇನೆಂದು ಹೇಳಿಯೇ ಹೋಗಿದ್ದ. ವಾಪಸು ಬಂದಾಗ ನಾನು ಮಾತು ಬಿಟ್ಟೆ, ಊಟ ಬಿಟ್ಟೆ, ಅವನ ಹಾಸಿಗೆ ಹಾಲ್‌ಗೆ ಎಸೆದೆ. ಅದಕ್ಕೇ ಈಗ ಹೇಳುತ್ತಿಲ್ಲ. ಗೊತ್ತು. ಗೊತ್ತಿದ್ದರೂ ಮನಸ್ಸು ಕೇಳುವುದಿಲ್ಲ.

ನವೆಂಬರ್ 22, ಶನಿವಾರ

ಕತ್ತಲಾಗುವ ಹೊತ್ತಿಗೆ ಬಂದ. ಒಂದು ಚೀಲ ಸೇಬು ತಂದ. ಕಾರಾಕೋಲ್ ಸೇಬು, ಕೆಂಪು ಗೀರಿನದು. ಕುರುಡರಿಗೂ ವಾಸನೆಯಲ್ಲೇ ಗೊತ್ತಾಗುತ್ತದೆ.

"ನಾರಿನ್‌ನಲ್ಲಿ ಸೇಬು ಬೆಳೀತಾರಾ?"

"ದಾರೀಲಿ ಮಾರ್ತಾ ಇದ್ರು."

"ಚೆನ್ನಾಗಿದೆ," ಎಂದೆ. ಎರಡು ತಿಂದೆ. ನಿಜಕ್ಕೂ ಚೆನ್ನಾಗಿತ್ತು, ಅದೇ ಸಿಟ್ಟು. ಆಮೇಲೆ ಬಚ್ಚಲಿಗೆ ಹೋಗಿ ಹಳೆಯ ಫೋನು ನೋಡಿದೆ. ಬೆರ್ಮೆತ್: "ಮುಟ್ಟಿದ್ಯಾ?" ತಾಲಾಯ್: "ಹೂಂ." ಆಯ್ಪೆರಿಯ ಫೋಟೋ ಒಂದು — ಹೊಸ ಕೆಂಪು ಕೋಟು, ಹಲ್ಲಿಲ್ಲದ ನಗು. ಅಪ್ಪನ ಮೂಗು ಹಾಗೇ ಬಂದಿದೆ. ಹಿಂದೆ ಗೋಡೆಯ ಹತ್ತಿರ ಅರ್ಧ ಕಾಣುವ ಒಂದು ಹೆಂಗಸಿನ ತೋಳು. ಆ ತೋಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ.

ನವೆಂಬರ್ 29, ಶನಿವಾರ

ಸಿಕ್ಕಿಹಾಕಿಕೊಂಡೆ. ಪೂರ್ತಿ ಅಲ್ಲ, ಅರ್ಧ.

ತಾಲಾಯ್ ತಾನೇ ಸೈಟಿನಲ್ಲಿ ನಮ್ಮ ಜಾಹೀರಾತು ಹುಡುಕಿದ್ದಾನೆ. "ಇಪ್ಪತ್ತೆರಡು ಸಾವಿರ ಯಾರು ಹಾಕಿದ್ದು? ಈ ಆಲೂಗಡ್ಡೆ ಯಾಕೆ?"

"ಬೆರಳು ತಪ್ಪಿರಬೇಕು."

"ಆಲೂಗಡ್ಡೆಗೂ ಬೆರಳು ತಪ್ಪಿತಾ?"

ನಕ್ಕ. ಹದಿಮೂರು ಸಾವಿರ ಎಂದು ತಿದ್ದಿದ, ನಂಬರೂ ತನ್ನದೇ ಹಾಕಿದ. ಅರ್ಧ ಗಂಟೆಯಲ್ಲಿ ಒಬ್ಬಳು ಫೋನ್ ಮಾಡಿದಳು. ಮಧ್ಯಾಹ್ನವೇ ನನ್ನ ಅಂಗಡಿಯ ಮುಂದೆ ಬರುತ್ತಾಳೆ ಎಂದ.

ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ರೀಸೆಟ್ ಒತ್ತಿದೆ. ಅವನ ಪಾಸ್‌ವರ್ಡ್ ಕೇಳಿತು. ಮಗಳ ಹುಟ್ಟಿದ ದಿನ ಹಾಕಿದೆ, ಆಗಲಿಲ್ಲ. ಅವನನ್ನು ಕೇಳಿದರೆ — ಇಷ್ಟು ದಿನ ಏನು ಅಳಿಸಿದ್ದೆ ಎಂಬ ಪ್ರಶ್ನೆ ಬರುತ್ತದೆ. ಅವಸರದಲ್ಲಿ ಮೆಸೇಜ್ ಆ್ಯಪಿನ ಚಿಹ್ನೆಯನ್ನಷ್ಟೇ ಮೊದಲ ಪುಟದಿಂದ ತೆಗೆದೆ, ಆ್ಯಪು ಒಳಗೇ ಉಳಿಯಿತು. ಫೋಟೋ ಅಳಿಸಿದೆ. ಲಾಕ್ ತೆಗೆದೆ. ಹೊರಗೆ ಬಂದೆ.

ಕೊಳ್ಳಲು ಬಂದವಳು ನಡುವಯಸ್ಸಿನವಳು. ದುಂಡು ಮುಖ, ಉಣ್ಣೆಯ ಶಾಲು, ಚೀಲದಲ್ಲಿ ಕ್ಯಾರೆಟ್ಟು. ಇಂಥವಳನ್ನು ನೋಡಿ ಯಾರಿಗೆ ತಾನೇ ಅನುಮಾನ ಬರುತ್ತದೆ? ಫೋನನ್ನು ತಿರುಗಿಸಿ ನೋಡಿದಳು, ಕ್ಯಾಮೆರಾ ನೋಡಿದಳು.

"ಮನೆಯವರದ್ದಾ ಫೋನು? ಏನು ಕೆಲಸ ಮಗಳೇ?"

"ವ್ಯಾನ್ ಓಡಿಸ್ತಾರೆ. ನಾರಿನ್ ಲೈನು."

"ಅಯ್ಯೋ, ಆ ಘಾಟಿ ದಾರಿ. ಸಿಗ್ನಲ್ ಕೂಡ ಇರಲ್ವಂತೆ?"

"ಸಂಜೆವರೆಗೂ ಸಿಗಲ್ಲ."

"ನಿಮ್ಮನ್ನ ಚೆನ್ನಾಗಿ ನೋಡ್ಕೊಳ್ತಾರಾ?"

ತಾಲಾಯ್ ನಾಲ್ಕು ಹೆಜ್ಜೆ ಆಚೆ ಗಾರ್ಡ್ ಜೊತೆ ಟೈರಿನ ಮಾತಾಡುತ್ತಿದ್ದ. "ತುಂಬಾ," ಎಂದೆ.

ಅವನು ಹತ್ತಿರ ಬಂದು ಕೇಳಿದ, "ಎಲ್ಲ ಅಳಿಸಿದೆ ತಾನೇ?"

"ಆವತ್ತೇ ಅಳಿಸಿದ್ದೆ."

ದುಡ್ಡು ಕೈಗೆ ಬಂತು. ಹಗಲು ಹೊತ್ತು, ಗಾರ್ಡ್, ಜನ... ರಖಾತ್ ಏಜೆ ಹೇಳಿದ್ದೆಲ್ಲ ನಡೆಯಿತು, ಒಂದನ್ನು ಬಿಟ್ಟು. ಆ ಹೆಂಗಸು ಅಳಿಸಿದೆಯಾ ಎಂದು ಕೇಳಲೇ ಇಲ್ಲ.

ಮನೆಗೆ ಬಂದ ಮೇಲೆ ಕೈ ಖಾಲಿ ಖಾಲಿ. ಈಗ ಅವರಿಬ್ಬರೂ ಏನು ಬರೆದುಕೊಳ್ಳುತ್ತಿದ್ದಾರೋ.

ಡಿಸೆಂಬರ್ 2

ಬರೆಯಲೇಬೇಕು. ಯಾರಿಗೂ ಹೇಳುವಂತಿಲ್ಲ, ಇಲ್ಲಾದರೂ ಇರಲಿ.

ಬೆಳಗ್ಗೆ ನಾರಿನ್‌ಗೆ ಹೋದ. ಮಧ್ಯಾಹ್ನ ಮೆಸೇಜ್ ಬಂತು. ಅವನಿಂದ!

"ನನ್ನ ಬೆಳಕೇ, ನಿನ್ನ ಹೊರತು ನನಗೆ ಯಾರಿದ್ದಾರೆ. ಕೋಚ್ಕೋರ್ ಹತ್ತಿರ ವ್ಯಾನ್ ಕೆಟ್ಟಿದೆ. ಚಳಿಯಲ್ಲಿ ನಿಂತು ನಿನ್ನನ್ನೇ ನೆನೆಯುತ್ತಿದ್ದೇನೆ. ಮೆಕ್ಯಾನಿಕ್‌ಗೆ ಹನ್ನೆರಡು ಸಾವಿರ ಈ ನಂಬರಿಗೆ ಹಾಕು. ಸಿಗ್ನಲ್ ಇಲ್ಲ, ಫೋನ್ ಮಾಡಬೇಡ, ಬಂಗಾರ."

ಕೌಂಟರಿನಲ್ಲಿ ನಿಂತೇ ಓದಿದೆ. ಯಾರಿಗೋ ಜ್ವರದ ಮಾತ್ರೆಯ ಬದಲು ವಿಟಮಿನ್ ಕೊಟ್ಟೆ. ತಕ್ಷಣ ದುಡ್ಡು ಕಳಿಸಿದೆ. ಹಳೆಯ ಫೋನು ನೆನಪಾಗಲೇ ಇಲ್ಲ. ನನ್ನ ಬೆಳಕೇ... ಒಂದೂವರೆ ವರ್ಷ ಬಾಯಿ ಬಿಡದವನು ಒಂಟಿಯಾಗಿ ಮಂಜಿನಲ್ಲಿ ನಿಂತಾಗ ಬಿಟ್ಟಿದ್ದಾನೆ. ಪೂರ್ತಿ ವಾಕ್ಯಗಳಲ್ಲಿ.

ಕಾರಾಕೋಲ್‌ನವಳಿಗೆ "ಹೂಂ", "ಬಂತು". ನನಗೆ ಬೆಳಕು. ಮನೆಗೆ ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ. ಪಕ್ಕದ ಮುದುಕಿ ಸರಿದು ಕೂತಳು.

ಮಾಂತಿ ಕಡುಬು ಮಾಡಿಡುತ್ತೇನೆ, ಕುಂಬಳಕಾಯಿ ತುಂಬಿ. ಅವನಿಗೆ ಇಷ್ಟ.

ಅದೇ ದಿನ, ಸಂಜೆ 6

ಗೊತ್ತಿಲ್ಲದ ನಂಬರ್.

"ಬುರುಲ್ ತಾನೇ? ನಾನು ಬೆರ್ಮೆತ್. ಫೋನ್ ಇಡಬೇಡ ತಂಗಿ."

ತಂಗಿಯಂತೆ.

"ತಾಲಾಯ್ ಫೋನಿಂದ ಯಾರೋ ದುಡ್ಡು ಕೇಳ್ತಾ ಇದಾರೆ. ಅವನಿಗೆ ಫೋನ್ ಮಾಡಿದೆ, ಸಿಗ್ತಿಲ್ಲ. ನಿಂಗೂ ಬಂದಿರಬಹುದು, ಕಳಿಸಬೇಡ."

"ಅದು ಅವನೇ ಬರೆದಿದ್ದು," ಎಂದೆ. ಹಿಟ್ಟಿನ ಕೈಯಲ್ಲಿ ಫೋನು ಜಾರುತ್ತಿತ್ತು. "ವ್ಯಾನ್ ಕೆಟ್ಟಿದೆ."

"ಅವನಲ್ಲಮ್ಮ. 'ನನ್ನ ಬೆಳಕೇ' ಅಂತ ಶುರು ಮಾಡಿದಾರೆ." ನಕ್ಕಳು, ನನ್ನನ್ನು ನೋಡಿಯಲ್ಲ, ಸುಮ್ಮನೆ. "ಏಳು ವರ್ಷ ಸಂಸಾರ ಮಾಡಿದೀನಿ. ಹೆರಿಗೆ ಆಗಿ ಮಲಗಿದ್ದಾಗ 'ಹೇಗಿದೆ' ಅಂತ ಒಂದೇ ಪದ ಕಳಿಸಿದ್ದ ಆ ಮನುಷ್ಯ. ಮೊದಲ ಸಾಲು ಓದುತ್ತಲೇ ಗೊತ್ತಾಯ್ತು."

ಅವಳಿಗೂ ಅದೇ ಬಂದಿತ್ತು. ಓದಿ ಹೇಳಿದಳು. ಬೆಳಕು, ಚಳಿ, ಬಂಗಾರ, ಎಲ್ಲ.

"ನೀನು ಕಳಿಸಿಬಿಟ್ಯಾ?" ಎಂದಳು, ಮೆಲ್ಲಗೆ.

"ಇಲ್ಲ," ಎಂದೆ.

ಡಿಸೆಂಬರ್ 3

ನಿನ್ನೆ ವ್ಯಾನು ಕೆಟ್ಟಿರಲೇ ಇಲ್ಲ. ರಾತ್ರಿ ಊಟದ ಹೊತ್ತಿಗೆ ಬಂದ. ಘಾಟಿ ಇಳಿದು ಸಿಗ್ನಲ್ ಸಿಕ್ಕಾಗಲೇ ಒಂದರ ಮೇಲೊಂದು ಕರೆ ಬಂದಿವೆ. ಅದೇ ಮೆಸೇಜ್ ಚಿಕ್ಕಪ್ಪನಿಗೂ ಹೋಗಿದೆ. ಟೈರ್ ಅಂಗಡಿಯ ಸಾದಿಕ್‌ಗೂ ಹೋಗಿದೆ. "ತಾಲಾಯ್, ನಾನು ನಿನ್ನ ಬೆಳಕಾ? ಆರೋಗ್ಯವಾಗಿದೀಯಾ?" ಎಂದು ಕೇಳಿದನಂತೆ. ಅಷ್ಟು ಜನರಲ್ಲಿ ದುಡ್ಡು ಕಳಿಸಿದ್ದು ನಾನೊಬ್ಬಳೇ.

ಹೇಳಿದೆ. ಎಲ್ಲ ಹೇಳಿದೆ — ಅಳಿಸದ್ದು, ಓದಿದ್ದು, ಆಲೂಗಡ್ಡೆ, ಸೇಬು. ಅವನು ಕೋಟು ಬಿಚ್ಚದೆ ಕೇಳಿದ. ರೇಗಲಿಲ್ಲ. ಹೊಸ ಫೋನಿನಿಂದ ಹಳೆಯದರ ಲಾಗಿನ್ ತೆಗೆದುಹಾಕಿಸಿದೆ. ಎರಡೇ ಸಲ ಒತ್ತಿದರೆ ಆಗುವ ಕೆಲಸ. ಬೆಳಗ್ಗೆ ಪೊಲೀಸರಿಗೆ ಬರೆದುಕೊಟ್ಟು ಬಂದೆವು. ಆ ಹೆಂಗಸಿನ ನಂಬರ್ ಸ್ವಿಚ್ ಆಫ್.

ಹೊರಗೆ ಬಂದ ಮೇಲೆ ನನ್ನ ಫೋನು ತೆಗೆದುಕೊಂಡು ಆ ಮೆಸೇಜ್ ಓದಿದ. ಶಾಲೆಯ ಮಗುವಿನ ಹಾಗೆ, ಪದ ಪದ ಬಿಡಿಸಿ, ಬಾಯಲ್ಲೇ.

"ಇದು ನಾನು ಅಂತ ಹೇಗೆ ಅಂದ್ಕೊಂಡೆ?"

"ನೀನೇ ಆಗಿರ್ಲಿ ಅಂತ ಅಂದ್ಕೊಂಡೆ."

ವ್ಯಾನಿನ ತನಕ ನನ್ನ ತೋಳು ಹಿಡಿದುಕೊಂಡೇ ನಡೆದ. ನೆಲ ಜಾರುತ್ತಿತ್ತು, ಅದಕ್ಕೇ ಇರಬಹುದು.

ಸಂಜೆ 7

ಅಡುಗೆಮನೆಯಲ್ಲಿ ಬೆರ್ಮೆತ್‌ಗೆ ಫೋನ್ ಮಾಡುತ್ತಿದ್ದಾನೆ. "ಎಚ್ಚರಿಸಿದ್ದಕ್ಕೆ ಒಂದು ಮಾತು ಹೇಳಬೇಕು, ನಿನ್ನ ಮುಂದೇನೇ ಮಾಡ್ತೀನಿ," ಎಂದ. "ಬೇಡ, ಮಾತಾಡು," ಎಂದು ನಾನೇ ಈಚೆ ಬಂದೆ. ಬಾಗಿಲು ತೆರೆದೇ ಇಟ್ಟಿದ್ದಾನೆ. ಮುಚ್ಚಬಹುದಿತ್ತು, ಮುಚ್ಚಲಿಲ್ಲ. ನಾನೂ ಇನ್ನು ಬದಲಾಗಬೇಕು. ಅವಳು ಒಳ್ಳೆಯವಳು. ಫೋನ್ ಮಾಡದೆಯೂ ಇರಬಹುದಿತ್ತು. ಮುಂದಿನ ಸಲ ಕಾರಾಕೋಲ್‌ಗೆ ಹೋಗುವಾಗ ಆಯ್ಪೆರಿಗೆ ಕೈಗವಸು ಕೊಟ್ಟು ಕಳಿಸುತ್ತೇನೆ, ಕೋಟಿಗೆ ಒಪ್ಪುವಂಥದ್ದು.

"ಹೂಂ" ಎಂದ.

"ಇಲ್ಲ" ಎಂದ.

ಬರೀ ಒಂದೊಂದು ಪದ. ಇರಲಿ. ಇದರಲ್ಲಿ ಏನೂ ಇಲ್ಲ. ನಾನು ಚಹಾಕ್ಕೆ ನೀರಿಡಲು ಹೋಗಬೇಕು, ಅವರದು ಮುಗಿಯಲಿ.

ಈಗ ನಕ್ಕ. ಮೆಲ್ಲಗೆ, ಮೂಗಿನಲ್ಲಿ. ಆ ನಗು ನಾನು ಯಾವತ್ತೂ ಕೇಳಿಲ್ಲ.