ದುಬೈಗೆ ಹೋದ ಕಂಬಳಿ

ಕೌಜಲಗಿ
೧೨ ಫೆಬ್ರುವರಿ ೨೦೨೫

ಚಿ. ಕಸ್ತೂರಿಗೆ ನಿನ್ನ ಸಿದ್ರಾಯ ಕಾಕಾನ ಆಶೀರ್ವಾದಗಳು.

ದುಬೈ ದೊರೆಗಳು ಈಗ ನನ್ನನ್ನು ಕೇಳದೆ ಹಾಸಿಗೆ ಹಾಸುವುದಿಲ್ಲ. ದೇಶದ ಅರ್ಧ ವ್ಯಾಪಾರ ನನ್ನ ಹೆಗಲ ಮೇಲೇ ನಡೆದಿದೆ. ಈ ಗಡಿಬಿಡಿಯಲ್ಲಿ ನಿನಗೆ ಉತ್ತರ ಬರೆಯುವುದು ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀ, ನನಗೆ ಮಾತು ನಿಂತುಬಿಡುತ್ತದೆ. ನಿಮ್ಮವ್ವ ಕುರಿ ಮಾರಿ, ನಿನ್ನ ನರ್ಸಿಂಗ್ ಕಾಲೇಜಿನ ಫೀಗೆಂದು ನನ್ನ ಕೈಯಲ್ಲಿಟ್ಟ ರೊಕ್ಕ ಕೇಳಿದ್ದೀ. ಬರುತ್ತೇನೆ, ಅದಕ್ಕೂ ಬರುತ್ತೇನೆ.

ಮೂಡಲಗಿಯ ಬೆಲ್ಲದ ವ್ಯಾಪಾರಿ ಬಾಳೇಶಪ್ಪನವರನ್ನು ಸರಕಾರ ವಿದೇಶ ವ್ಯಾಪಾರದ ಪ್ರತಿನಿಧಿ ಮಾಡಿತಲ್ಲ, ದುಬೈ ಪ್ರದರ್ಶನಕ್ಕೆ ನಮ್ಮ ಭಾಗದ ಮಾಲು ಒಯ್ದು ಮಾರಿಕೊಡುತ್ತೇನೆ ಎಂದರು. ನಾನು ನೇಕಾರರಿಗೆ ನಗದು ಕೊಟ್ಟು ಒಂದು ಟೆಂಪೋ ತುಂಬ ಕರಿ ಕಂಬಳಿ ಕೊಂಡು ಅವರಿಗೆ ಒಪ್ಪಿಸಿದೆ.

ನಿಮ್ಮವ್ವ ನಕ್ಕಳು. "ಸಿದ್ರಾಯಾ, ಅಲ್ಲಿ ಬರೇ ಬಿಸಲಂತ. ಕಂಬಳಿ ಯಾರು ಹೊಚ್ಕೋತಾರೋ?"

"ವೈನಿ, ಅಲ್ಲಿ ಮನಿಮನಿಗೆ ಏಸಿ ಅದಾವ. ಮಂದಿ ಹಲ್ಲು ಕಟಕಟ ಕಡೀತಾರ" ಎಂದೆ.

ಗೋಕಾಕದಲ್ಲಿ ಬಾಳೇಶಪ್ಪನವರ ಬೀಳ್ಕೊಡುಗೆ ಸಮಾರಂಭ. ನಮ್ಮ ಪದ್ಧತಿಯಂತೆ ನಾನೇ ಅವರ ಹೆಗಲಿಗೆ ಕಂಬಳಿ ಹೊದಿಸಿದೆ. ಅವರು ಜೇಬಿನಿಂದ ನೋಟು ತೆಗೆದರು. ಅಷ್ಟು ಮಂದಿ ನೋಡುತ್ತಿರುವಾಗ ನಾನು ಸುಮ್ಮನಿರುತ್ತೇನೆಯೇ? ಮೈಕು ಕಸಿದುಕೊಂಡೆ. "ಸಾಹೇಬ್ರ, ಮರ್ಯಾದಿಗೆ ಹೊಚ್ಚಿದ ಕಂಬಳಿಗೆ ನಾವು ಕುರುಬರು ರೊಕ್ಕ ಮುಟ್ಟಾಂಗಿಲ್ರಿ! ಒಂದಿರಲಿ, ಸಾವಿರ ಇರಲಿ!" ಏನು ಚಪ್ಪಾಳೆ ಅಂತೀ!

ಅವರು ದುಬೈಯಿಂದ ಬಂದ ಮೇಲೆ ಮೂಡಲಗಿಗೆ ಹೋದೆ. ಚಹಾ ಕೊಟ್ಟರು.

"ಸಿದ್ರಾಯಪ್ಪ, ನಿನ್ನ ಕಂಬಳಿ ಭಾಳ ಮೆಚ್ಚಿದ್ರು. ಒಂದೂ ಉಳೀಲಿಲ್ಲ."

"ಹಂಗಾರ ರೊಕ್ಕರೀ?"

"ಯಾವ ರೊಕ್ಕೋ ಮಾರಾಯಾ? ನಾ ಮಾರಿಲ್ಲ. ಬಂದ ಅಧಿಕಾರಿಗೆ, ಅರಬ್ ಶೇಖ್ ಮಂದಿಗೆ, ಎಲ್ಲಾರಿಗೂ ಹೊಚ್ಚೇನಿ. ಹೊಚ್ಚಿದ್ದಕ್ಕ ರೊಕ್ಕ ಮುಟ್ಟಾಂಗಿಲ್ಲಂತ ನೀನ ಮೈಕಿನ್ಯಾಗ ಅಂದಿ. ನಾ ಕೇಳಿದ್ರ ನಿಮ್ಮ ಮಂದಿ ಮರ್ಯಾದಿ ಏನಾಗತಿತ್ತು? ವಿಡಿಯೋ ಐತಿ, ತೋರಸ್ಲೇನು?"

ತೋರಿಸಿಯೇ ಬಿಟ್ಟರು. ಅದರಲ್ಲಿ ನಾನು ಎದೆ ಉಬ್ಬಿಸಿ ನಿಂತಿದ್ದೆ. ಅವರ ಮಗ ಪಕ್ಕದಲ್ಲಿ ಕಿಸಕ್ಕನೆ ನಕ್ಕ. ಸರಕಾರದ ವಿಮಾನ, ಸರಕಾರದ ಮಳಿಗೆ, ನನ್ನ ಕಂಬಳಿ. ಮಾರಾಟವಾದದ್ದು ಮಾತ್ರ ಬಾಳೇಶಪ್ಪನವರ ಬೆಲ್ಲ. ಹಡಗು ತುಂಬ ಆರ್ಡರ್ ಬಂದಿದೆಯಂತೆ. ಹೊರಡುವಾಗ ನನ್ನ ಕೈಗೂ ಒಂದು ಪೆಂಟಿ ಬೆಲ್ಲ ಇಟ್ಟರು. ನಾನು ಬೇಡ ಎನ್ನಲಿಲ್ಲ, ತಗೊಂಡೆ. ಮಿಕ್ಕಿದ್ದೆಲ್ಲ ಮರೆತರೂ ಇದೊಂದು ಮರೆಯಲಾರೆ.

ಇರಲಿ. ಹತ್ತಿಪ್ಪತ್ತು ಸಾವಿರ ಹೋಗಿರಬಹುದು, ನಿಮ್ಮ ಕಾಕಾನಿಗೆ ಅದೆಷ್ಟರದ್ದು! ನೀನು ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈ ಮುಟ್ಟಿದ ರೋಗಿ ಎದ್ದು ಕೂಡಲಿ, ನೀನು ನೂರು ವರ್ಷ ಬಾಳು.

ನಿನ್ನ ಕಾಕಾ
ಸಿದ್ರಾಯ

ತಾ.ಕ.: ಹತ್ತಿಪ್ಪತ್ತು ಸಾವಿರ ಅಂದದ್ದು ಸುಳ್ಳು ಮಗಳೇ. ಎರಡು ಪಟ್ಟು ಮಾಡಿ ಕಳಿಸೋಣವೆಂದು ನಿನ್ನ ಫೀ ರೊಕ್ಕದಿಂದಲೇ ಕಂಬಳಿ ಕೊಂಡಿದ್ದೆ. ನಿಮ್ಮವ್ವನಿಗೆ ಇನ್ನೂ ಗೊತ್ತಿಲ್ಲ. ಮೊನ್ನೆ ರೊಟ್ಟಿ ಬಡಿಯುತ್ತ, "ಕಸ್ತೂರಿಗೆ ರೊಕ್ಕ ಮುಟ್ಟಿತೇನೋ?" ಎಂದಳು. "ಮುಟ್ಟೇತಿ ವೈನಿ" ಎಂದು ಅವಳ ಕೈಯ ರೊಟ್ಟಿಯನ್ನೇ ತಿಂದೆ. ಹೋದದ್ದು ಒಂದು ಲಕ್ಷ ಎಂಬತ್ತು ಸಾವಿರ. ಅಷ್ಟೂ.