ನೂರೈವತ್ತು ಕಾಯಿಗೆ ಕೊಸರೆಷ್ಟು?

ಅರ್ಧ ಪ್ರಶ್ನೆ ಕೊಟ್ಟು ಪೂರ್ತಿ ಉತ್ತರ ಕೇಳುವ ಪರೀಕ್ಷಾ ನಿಯಂತ್ರಕರೇ,

ಗಣಕ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ತಾವು ನನ್ನನ್ನು ಎರಡು ಸಲ ಫೇಲು ಮಾಡಿದ್ದೀರಿ. ಫೇಲಾದೆನೆಂದು ಗೋಳಾಡಲು ಈ ಪತ್ರ ಬರೆಯುತ್ತಿಲ್ಲ. ಗಣಿತ ಕಲಿಸುವವಳು ಸೊನ್ನೆಗೆ ಹೆದರಿದರೆ ಆಗುತ್ತದೆಯೇ? ಏತಕ್ಕೆ ಫೇಲಾದೆ ಎಂಬುದು ನನಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳಲು ತಾವು ಬಿಡುತ್ತಿಲ್ಲ, ಗೊತ್ತಿಲ್ಲದೆಯೇ ಮೂರನೆಯ ಹಾಗೂ ಕಡೆಯ ಸಲ ಬಂದು ಕೂರು ಎಂದು ಕರೆ ಕಳಿಸಿದ್ದೀರಿ. ನನ್ನ ದೂರು ಇಷ್ಟೇ. ಇದುವರೆಗೆ ಬರೆದ ಪತ್ರಗಳು ತಮ್ಮ ಕಚೇರಿಯ ಯಾವ ಬೀರು ಸೇರಿದವೋ ತಿಳಿಯದು. ಆದ್ದರಿಂದ ಇದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ತಾವು ಓದದಿದ್ದರೂ ಊರಿನವರು ಓದುತ್ತಾರೆ.

ಎರಡು ವರ್ಷದ ಹಿಂದೆ, ಎಂದರೆ ಎಂಬತ್ತಾರರಲ್ಲಿ, ಅಜ್ಜಂಪುರದ ನಮ್ಮ ಹೆಣ್ಣುಮಕ್ಕಳ ಶಾಲೆಗೆ ಒಂದು ಗಣಕಯಂತ್ರ ಬಂತು. ಲಾರಿಯಿಂದ ಇಳಿಸಿ, ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ಒಳಗೆ ಕರೆದುಕೊಂಡೆವು. ಅದರ ಬೆನ್ನಿಗೇ ತಮ್ಮ ಆದೇಶವೂ ಬಂತು: ಅರ್ಹತಾ ಪರೀಕ್ಷೆ ಪಾಸಾದ ಶಿಕ್ಷಕರ ಹೊರತು ಮತ್ತಾರೂ ಯಂತ್ರವನ್ನು ಮುಟ್ಟತಕ್ಕದ್ದಲ್ಲ. ನಮ್ಮ ಮುಖ್ಯೋಪಾಧ್ಯಾಯಿನಿ ಸುಲೋಚನಮ್ಮನವರು ಕಾಗದಕ್ಕೆ ಹೆದರುವವರು. ಆ ಕೋಣೆಗೆ ಬೀಗ ಜಡಿದು, ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

"ನೀವ್ ಪಾಸಾಗಿ ಬನ್ನಿ ತೀರ್ಥಮ್ಮ, ಕೀ ನಿಮ್ ಕೈಗೇ ಕೊಟ್ಬಿಡ್ತೀನಿ. ಅಲ್ಲೀವರ್ಗೂ ನನ್ ಪೆನ್ಷನ್ನಿಗೆ ಕಲ್ಲು ಹಾಕ್ಬೇಡಿ ಕಣ್ರೀ" ಎಂದರು.

ಅಂದಿನಿಂದ ಆ ಬಾಗಿಲು ತೆರೆಯುವುದು ಆಯುಧಪೂಜೆಗೆ ಮಾತ್ರ. ಹೂವು ಏರಿಸಿ, ಮಂಗಳಾರತಿ ಮಾಡಿ, ಮತ್ತೆ ಬೀಗ. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಹಿರಿಯರು ಹೇಳಿದ್ದು ಎರಡು ಬೇರೆ ಬೇರೆ ಆಸಾಮಿಗಳ ವಿಚಾರ. ನಮ್ಮ ಶಾಲೆಯ ಮಟ್ಟಿಗೆ ದೇವರೂ ತಾವೇ, ಪೂಜಾರಿಯೂ ತಾವೇ. ಬರುವ ಜೂನ್ ಒಳಗೆ ಪಾಸಾದ ಶಿಕ್ಷಕರು ಸಿಗದಿದ್ದರೆ ಯಂತ್ರವನ್ನು ಬೇರೆ ಊರಿಗೆ ಸಾಗಿಸಲಾಗುವುದು ಎಂದೂ ತಿಳಿಸಿದ್ದೀರಿ. ತರಬೇತಿಗೆ ಹೋಗಿಬಂದವಳು ನಮ್ಮಲ್ಲಿ ನಾನೊಬ್ಬಳೇ.

ಈಗ ಆ ಪ್ರಶ್ನೆಗೆ ಬರುತ್ತೇನೆ. ಮೊದಲ ಸಲ ಪರೀಕ್ಷೆ ನಡೆದದ್ದು ಕಡೂರಿನಲ್ಲಿ. ಪ್ರಶ್ನೆ ಹೀಗಿತ್ತು: "ತೆಂಗಿನಕಾಯಿ ಮಾರಾಟದಲ್ಲಿ ನೂರಕ್ಕೆ ನಾಲ್ಕು ಕಾಯಿ ಕೊಸರು ಕೊಡುವ ವಾಡಿಕೆ ಇರುತ್ತದೆ. ಮಾರಿದ ಕಾಯಿಗಳ ಸಂಖ್ಯೆಯನ್ನು ಕೊಟ್ಟರೆ, ಕೊಸರು ಸೇರಿಸಿ ಒಟ್ಟು ಎಷ್ಟು ಕಾಯಿ ಕೊಡಬೇಕೆಂದು ತಿಳಿಸುವ ಪ್ರೋಗ್ರಾಂ ಬರೆಯಿರಿ." ಅದರ ಕೆಳಗೆ ಎರಡು ಮಾದರಿ. ನೂರು ಕೊಟ್ಟರೆ ನೂರ ನಾಲ್ಕು ಬರಬೇಕು. ಇನ್ನೂರು ಕೊಟ್ಟರೆ ಇನ್ನೂರ ಎಂಟು ಬರಬೇಕು.

ಓದಿ ನನಗೆ ಹಿಡಿಸಲಾರದಷ್ಟು ಖುಷಿಯಾಯಿತು. ನಾನು ಪಂಚನಹಳ್ಳಿಯವಳು, ಕಾಯಿ ರಾಶಿಯ ಮೇಲೆ ಉರುಳಾಡಿ ಬೆಳೆದವಳು. ಎಣಿಕೆ ಮುಗಿದ ಮೇಲೆ ಹೆಚ್ಚಿಗೆ ನಾಲ್ಕು ಕಾಯಿ ಎಸೆದು "ತಗಳಪ್ಪ ನಿನ್ ಕೊಸರು" ಎನ್ನುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ. ಬರೆಯತೊಡಗಿದೆ. ನಾಲ್ಕನೇ ಸಾಲಿಗೆ ಪೆನ್ನು ನಿಂತಿತು. ನೂರೈವತ್ತು ಕಾಯಿ ಮಾರಿದರೆ?

ಎದ್ದು ನಿಂತು ಮೇಲ್ವಿಚಾರಕರನ್ನು ಕೇಳಿದೆ. ಅವರು ಪ್ರಶ್ನೆಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಪ್ರಶ್ನೆ ಅರ್ಥ ಮಾಡ್ಕಳದೂ ಪರೀಕ್ಷೆನೇ ಕಣಮ್ಮ, ಕೂತ್ಕೊಳ್ಳಿ" ಎಂದರು. ಕೂತುಕೊಂಡೆ. ಐವತ್ತಕ್ಕೆ ಎರಡು ಎಂದು ಲೆಕ್ಕ ಹಿಡಿದು, ಕಾಯಿಯ ಚೂರು ಬಂದರೆ ಬಿಟ್ಟುಬಿಡುವಂತೆ ಮಾಡಿ ಬರೆದೆ. ನಾವು ಕಾಗದದ ಮೇಲೆ ಬರೆದದ್ದನ್ನು ತಮ್ಮವರು ಯಂತ್ರಕ್ಕೆ ಒತ್ತಿ, ತಾವು ಬಚ್ಚಿಟ್ಟುಕೊಂಡ ಸಂಖ್ಯೆಗಳನ್ನು ಅದಕ್ಕೆ ಕೊಟ್ಟು, ತಾವು ಬಯಸಿದ ಉತ್ತರ ಬಂದರೆ ಪಾಸು ಮಾಡುತ್ತಾರಂತೆ. ನನಗೆ ಬಂದ ಫಲಿತಾಂಶ ಸೊನ್ನೆ. ಪಕ್ಕದಲ್ಲಿ ಒಂದು ಷರಾ: "ಗುಪ್ತ ಮಾದರಿಗಳಿಗೆ ಹೊಂದಿಕೆಯಾಗಿರುವುದಿಲ್ಲ."

ಆ ಭಾನುವಾರ ಊರಿಗೆ ಹೋದೆ. ನಮ್ಮವ್ವ ಭಾಗಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಸೋದರಮಾವ ತಿಮ್ಮಪ್ಪ ಕಾಯಿ ಎಣಿಸಿ ಹಾಕುತ್ತಿದ್ದ, ಕೊಳ್ಳಲು ಬಂದ ವ್ಯಾಪಾರಿ ನಂಜುಂಡಪ್ಪನವರು ಕಾಫಿ ಕುಡಿಯುತ್ತಿದ್ದರು. ನನ್ನ ಗ್ರಹಚಾರ, ಸುಮ್ಮನಿರಲಾರದೆ ಕೇಳಿದೆ.

"ನೂರೈವತ್ತಕ್ಕೆ ಆರು ಕಣೇ" ಎಂದಳು ಅವ್ವ. "ಐವತ್ತಕ್ಕೆ ಎಲ್ಡು. ಇದ್ನ ಓದ್ಕೊಂಡೋಳು ನನ್ನ ಕೇಳ್ತೀಯಲ್ಲ."

"ಯಾರಕ್ಕ ನಿಂಗ್ ಹೇಳಿದ್ದು?" ಮಾವ ಎಣಿಕೆ ಬಿಟ್ಟು ತಿರುಗಿದ. "ನೂರು ತುಂಬ್ದೆ ಕೊಸರು ಎಲ್ಲಿಂದ ಬತ್ತದೆ? ನಾಲ್ಕೇ."

ನಂಜುಂಡಪ್ಪನವರು ಲೋಟ ಕೆಳಗಿಟ್ಟರು. "ನೋಡಿ ಯಜಮಾನ್ರೇ, ಎರಡ್ನೇ ನೂರಕ್ಕೆ ಕೈ ಹಾಕಿದ್ ಮೇಲೆ ಎರಡ್ನೇ ಕೊಸರೂ ನಂದೇ. ಎಂಟು ಕಣ್ರೀ. ನಿಮ್ಮಪ್ಪ ಇದ್ದಾಗ್ಲಿಂದ ಹಂಗೇ ಲೋಡ್ ಮಾಡಿರೋದು."

"ನಮ್ಮಪ್ಪನ್ ಸುದ್ದಿಗ್ ಬರ್ಬೇಡಿ" ಎಂದ ಮಾವ.

ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಅಂದು ಕಾಯಿ ಲೋಡಾಗಲಿಲ್ಲ, ನಂಜುಂಡಪ್ಪನವರು ಖಾಲಿ ಗಾಡಿಯಲ್ಲಿ ಹೋದರು, ಅವ್ವ ನನ್ನ ಮೇಲೆ ಮುನಿಸಿಕೊಂಡು ಅವರೆಕಾಳು ಕಟ್ಟಿಕೊಡುವುದನ್ನೇ ಮರೆತಳು. ಆದರೆ ಒಂದು ಮಾತು ಗಮನಿಸಬೇಕು. ಮೂವರನ್ನೂ ನೂರಕ್ಕೆ ಎಷ್ಟು ಎಂದು ಕೇಳಿದರೆ ನೂರ ನಾಲ್ಕು ಎನ್ನುತ್ತಾರೆ. ಇನ್ನೂರಕ್ಕೆ ಇನ್ನೂರ ಎಂಟು ಎನ್ನುತ್ತಾರೆ. ತಮ್ಮ ಮಾದರಿಯ ಮುಂದೆ ಮೂವರೂ ಪಾಸು. ಜಗಳವೇ ಇಲ್ಲದ ಎರಡು ಸಂಖ್ಯೆಗಳನ್ನು ಹುಡುಕಿ ಮಾದರಿ ಎಂದು ಅಚ್ಚು ಹಾಕಿಸಿ, ಜಗಳ ಇರುವ ಸಂಖ್ಯೆಯನ್ನು ಬಚ್ಚಿಟ್ಟು ಅಂಕ ಕಳೆಯುವುದು ಯಾವ ಸೀಮೆಯ ನ್ಯಾಯ? ನಾನೂ ಪ್ರಶ್ನೆಪತ್ರಿಕೆ ತೆಗೆಯುವವಳೇ. ಮಕ್ಕಳು ಎಲ್ಲಿ ಎಡವಬಹುದೋ ಅಲ್ಲಿಗೆ ಒಂದು ಉದಾಹರಣೆ ಕೊಡುತ್ತೇವೆ. ನೆಟ್ಟಗಿರುವ ರಸ್ತೆಯಲ್ಲಿ ಕೈಮರ ನೆಟ್ಟು, ದಾರಿ ಕವಲಾಗುವ ಕಡೆ ಸುಮ್ಮನಿರುವುದಿಲ್ಲ.

ಎರಡನೆಯ ಸಲ ತರೀಕೆರೆಯಲ್ಲಿ ಕೂತೆ. ಅದೇ ಪ್ರಶ್ನೆ. ಅಭ್ಯರ್ಥಿಗಳ ಗೊಂದಲ ನಿವಾರಿಸಲೆಂದೋ ಏನೋ, ಈ ಸಲ ಮಾದರಿಯನ್ನು ಸುಧಾರಿಸಿದ್ದಿರಿ. ನಾಲ್ಕು ಸಂಖ್ಯೆಗಳೂ ಒಂದೇ ಸಾಲಿನಲ್ಲಿ ಇದ್ದವು: ೧೦೦ ೧೦೪ ೨೦೦ ೨೦೮. ಯಾವುದು ನಾವು ಕೊಡುವುದು, ಯಾವುದು ಯಂತ್ರ ಹೇಳುವುದು ಎಂಬ ಒಂದು ಮಾತೂ ಇಲ್ಲ. ಕಾಗದ ಉಳಿಯಿತೇನೋ. ಪಕ್ಕದ ಬೆಂಚಿನಲ್ಲಿದ್ದ ಚೌಳಹಿರಿಯೂರಿನ ಅಂಜಿನಪ್ಪ ಮೇಷ್ಟ್ರು ನಾಲ್ಕನ್ನೂ ಯಂತ್ರಕ್ಕೆ ಕೊಡುವುದೆಂದು ತಿಳಿದು, ನಾಲ್ಕು ಸಂಖ್ಯೆ ಕೇಳುವ ಪ್ರೋಗ್ರಾಂ ಬರೆದರು. ತಮ್ಮವರು ಅದಕ್ಕೆ ಒಂದೇ ಸಂಖ್ಯೆ ಕೊಟ್ಟು ಕೂತಿರಬೇಕು. ಮಿಕ್ಕ ಮೂರಕ್ಕಾಗಿ ಆ ಯಂತ್ರ ಪ್ರಶ್ನಾರ್ಥಕ ಚಿಹ್ನೆ ತೋರಿಸಿಕೊಂಡು ಕಾದಿರುತ್ತದೆ. ಹೊರಗೆ ಬಂದ ಮೇಲೆ ಅವರು "ನಮ್ಗೇನೋ ಇದು ಆಗೋ ಮಾತಲ್ಲ ಬಿಡಿ ಮೇಡಂ" ಎಂದು ಬಸ್ಸು ಹತ್ತಿದರು. ಮತ್ತೆ ಅವರು ಪರೀಕ್ಷೆಗೆ ಅರ್ಜಿ ಹಾಕಲಿಲ್ಲವೆಂದು ಕೇಳಿದೆ. ನಾನು ಆ ಸಲ ಅವ್ವನನ್ನು ಬಿಟ್ಟು ಮಾವನ ಲೆಕ್ಕ ಹಿಡಿದಿದ್ದೆ. ನೂರು ತುಂಬದೆ ಕೊಸರಿಲ್ಲ. ಮತ್ತೆ ಸೊನ್ನೆ, ಮತ್ತೆ ಅದೇ ಷರಾ.

ಮರುಮೌಲ್ಯಮಾಪನ ಕೇಳಿ ಬರೆದೆ. ತಮ್ಮ ಕಚೇರಿಯಿಂದ ಬಂದ ಒಂದೇ ಒಂದು ಉತ್ತರ ಅದು, ಹಾಗಾಗಿ ಬಾಯಿಪಾಠವಾಗಿದೆ. ಮೊದಲ ವಾಕ್ಯ: "ಯಾವ ಗುಪ್ತ ಮಾದರಿಯ ಮೌಲ್ಯಮಾಪನದಲ್ಲಿ ದೋಷವಿದೆಯೆಂಬುದನ್ನು ಅಭ್ಯರ್ಥಿಯು ನಿರ್ದಿಷ್ಟವಾಗಿ ನಮೂದಿಸತಕ್ಕದ್ದು." ಎರಡನೆಯ ವಾಕ್ಯ: "ಗುಪ್ತ ಮಾದರಿಗಳನ್ನು ಅಭ್ಯರ್ಥಿಗಳಿಗೆ ತಿಳಿಸಲು ಅವಕಾಶವಿರುವುದಿಲ್ಲ." ಈ ಎರಡು ವಾಕ್ಯಗಳನ್ನು ಒಂದೇ ಕೈ ಬರೆಯಿತೇ? ಬರೆದವರಿಗೆ ಒಂದಿಷ್ಟಾದರೂ ನಗು ಬರಲಿಲ್ಲವೇ? ನನಗಂತೂ ಬರಲಿಲ್ಲ. ಅಡಕತ್ತರಿಗೆ ಸಿಕ್ಕ ಅಡಕೆ ಯಾವ ಅಲಗಿಗೆ ದೂರು ಕೊಡಬೇಕು, ಸ್ವಾಮಿ?

ಮೂರನೆಯ ಸಲಕ್ಕೆ ನಂಜುಂಡಪ್ಪನವರ ಎಂಟು ಒಂದು ಬಾಕಿ ಇದೆ, ಅದನ್ನು ಬರೆದರಾಯಿತು ಎಂದು ಸಹೋದ್ಯೋಗಿಗಳು ಸಮಾಧಾನ ಹೇಳುತ್ತಾರೆ. ಅದೂ ಅಷ್ಟು ಸಲೀಸಲ್ಲ. ಅವ್ವನ ಲೆಕ್ಕವೇ ಸರಿಯಿದ್ದು, ನೂರಮೂವತ್ತಕ್ಕೆ ಐದು ಕಾಯಿ ಮೇಲೆ ಬರುವ ಚೂರನ್ನು ನಾನು ಬಿಟ್ಟದ್ದು ತಪ್ಪೇ? ಆ ಚೂರಿಗೂ ಒಂದು ಇಡೀ ಕಾಯಿ ಕೊಡಬೇಕಿತ್ತೇ? ಅಥವಾ ತಾವು ಕಾಯಿ ಒಡೆದು ಹೋಳು ಕೊಡುವವರೇ? ಕಾಯಿಯೇ ಮಾರದಿದ್ದರೆ ಯಂತ್ರ ಸೊನ್ನೆ ಎನ್ನಬೇಕೋ ಸುಮ್ಮನಿರಬೇಕೋ? ಇಷ್ಟು ದಾರಿಗಳಿವೆ, ನನಗಿರುವುದು ಒಂದೇ ಹೆಜ್ಜೆ. ರಾತ್ರಿ ಮಾತ್ರವಲ್ಲ, ಹಗಲು ಪಾಠ ಮಾಡುವಾಗಲೂ ಇದು ತಲೆಯಲ್ಲಿ ಗುಯ್ಯೆನ್ನುತ್ತದೆ. ನನಗೆ ಸಿಟ್ಟು ಬರುತ್ತದೆ.

ಬೀಗ ಹಾಕಿದ ಆ ಕೋಣೆಯ ಮುಂದಿನ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಯಂತ್ರದ ಅಕ್ಷರ ಒತ್ತುವ ಕೀಲಿಗಳನ್ನೆಲ್ಲ ಬರೆದಿದ್ದೇನೆ. ಮುಟ್ಟಬಾರದೆಂಬುದು ಯಂತ್ರವನ್ನು ತಾನೇ, ನೆಲವನ್ನಲ್ಲವಲ್ಲ. ಹುಡುಗಿಯರು ಸುತ್ತ ಕೂತು ನೆಲದ ಮೇಲೆ ಬೆರಳು ಒತ್ತುತ್ತಾರೆ. ಯಂತ್ರ ನಾನು. ಅವರು ಒತ್ತಿದ್ದಕ್ಕೆ ಉತ್ತರವನ್ನು ಬಾಯಲ್ಲಿ ಹೇಳುತ್ತೇನೆ. ಹತ್ತನೇ ತರಗತಿಯ ಕಲ್ಲಮ್ಮ ಇದರಲ್ಲಿ ಬಲು ಚುರುಕು. ಬರುವ ಮಾರ್ಚಿಗೆ ಶಾಲೆ ಬಿಡುವವಳು, ಕಿಟಕಿಯ ಸಂದಿಯಲ್ಲಿ ಬಿಟ್ಟರೆ ಆ ಯಂತ್ರವನ್ನು ಕಂಡವಳಲ್ಲ. ಮೊನ್ನೆ ಅವಳಿಗೆ ತಮ್ಮ ಕಾಯಿ ಲೆಕ್ಕವನ್ನೇ ಕೊಟ್ಟೆ.

ಅವಳು ನೂರು ಒತ್ತಿದಳು. ನೂರ ನಾಲ್ಕು ಎಂದೆ. ಇನ್ನೂರು ಒತ್ತಿದಳು. ಇನ್ನೂರ ಎಂಟು ಎಂದೆ. ಆಮೇಲೆ ನಿಧಾನವಾಗಿ ಒಂದು, ಐದು, ಸೊನ್ನೆ ಒತ್ತಿ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯಲಿಲ್ಲ.

"ಮಿಷಿನ್ನು ಕೆಟ್ಟೋಯ್ತಾ ಮಿಸ್?" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

"ಇಲ್ಲ ಕಣಮ್ಮ, ಮೇಲಿನವರು ಹೇಳಿಲ್ಲ" ಎಂದೆ.

"ಅವ್ರ್ ಹೇಳೇ ಇಲ್ಲ ಅಂದ್ಮೇಲೆ ನೀವ್ ಹೆಂಗ್ ಫೇಲಾದ್ರಿ?"

ಗಂಟೆ ಹೊಡೆಯುವ ಮೊದಲೇ ನಾನು ತರಗತಿ ಬಿಟ್ಟೆ.

ಆದ್ದರಿಂದ ನನ್ನ ಒತ್ತಾಯ ಇದು. ಮೂರನೆಯ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ, ಕೊಡುವುದು ಯಾವುದು ಬರಬೇಕಾದ್ದು ಯಾವುದು ಎಂದು ಬಿಡಿಸಿ ಬರೆದು, ಇನ್ನೊಂದು ಸಾಲು ಅಚ್ಚು ಹಾಕಿಸಿ: ನೂರೈವತ್ತು ಕೊಟ್ಟರೆ ಇಷ್ಟು ಬರಬೇಕು. ಕೊಸರು ನಾಲ್ಕೆನ್ನಿ, ಆರೆನ್ನಿ, ಎಂಟೆನ್ನಿ, ನನ್ನ ತಕರಾರಿಲ್ಲ. ಕಾಯಿ ತಮ್ಮದು, ಕೊಸರೂ ತಮ್ಮದು. ಆ ಸಾಲನ್ನು ಓದಿಯೂ ನಾನು ತಪ್ಪು ಬರೆದರೆ ಯಂತ್ರವನ್ನು ಲಾರಿಗೆ ಹತ್ತಿಸಲು ನಾನೇ ಕೈ ಕೊಡುತ್ತೇನೆ. ಒಂದು ವೇಳೆ ನೂರೈವತ್ತಕ್ಕೆ ಎಷ್ಟೆಂಬುದು ತಮಗೂ ಗೊತ್ತಿಲ್ಲವಾದರೆ, ಅದನ್ನಾದರೂ ಒಂದು ಕಾರ್ಡಿನಲ್ಲಿ ಬರೆದು ತಿಳಿಸಿ. ಕಲ್ಲಮ್ಮನಿಗೆ ಮಾರ್ಚಿನೊಳಗೆ ಉತ್ತರ ಹೇಳಬೇಕಾಗಿದೆ.

ಇಂತಿ,
ನೂರಕ್ಕೂ ಇನ್ನೂರಕ್ಕೂ ನಡುವೆ ಸಿಕ್ಕಿಕೊಂಡಿರುವ
ಪಿ. ತೀರ್ಥಮ್ಮ
ಗಣಿತ ಶಿಕ್ಷಕಿ, ಅಜ್ಜಂಪುರ
(ಬೀಗದ ಹೊರಗಿನಿಂದ)